ಮೊದಲೇ ಬರೆಯಬೇಕಾದ ಎರಡು ಪುಟ

(ಮೆಟುಚೆನ್‌ನಲ್ಲಿ ಕನ್ನಡ ಕೂಟದ ಸದಸ್ಯರ ಮುಂದೆ ಮಾಡಿದ ಅತಿಥಿ ಉಪನ್ಯಾಸದ ಪಾಠ)



ಊಟಕ್ಕೆ ಮುನ್ನ ಇಂಥ ಒಣ ವಿಷಯವನ್ನು ಎತ್ತಿಕೊಳ್ಳುವುದು ಉಚಿತವೇ ಎಂಬ ಅಳುಕು ನನಗಿತ್ತು. ಆದರೆ ಈ ಸಭೆಯಲ್ಲಿ ವೈದ್ಯರಿದ್ದೀರಿ, ಔಷಧ ಕಂಪನಿಗಳ ವಿಜ್ಞಾನಿಗಳಿದ್ದೀರಿ, ರಟ್ಗರ್ಸ್‌ನಲ್ಲಿಯೋ ಪ್ರಿನ್ಸ್‌ಟನ್ನಿನಲ್ಲಿಯೋ ಸಂಶೋಧನೆ ಮಾಡುತ್ತಿರುವ ಮಕ್ಕಳ ತಂದೆತಾಯಿಗಳಿದ್ದೀರಿ. ಆದ್ದರಿಂದ ಇದು ನಮ್ಮ ಮನೆಯೊಳಗಿನ ವಿಷಯವೇ ಎಂದು ಧೈರ್ಯ ತಂದುಕೊಂಡಿದ್ದೇನೆ.

ಸಂಶೋಧನೆಗೆ ಸರ್ಕಾರದ ಹಣ ಕೇಳುವವರು ತಮ್ಮ ದತ್ತಾಂಶವನ್ನು ಹೇಗೆ ಕಾಪಾಡುತ್ತೇವೆ, ಹೇಗೆ ಇತರರಿಗೆ ಒದಗಿಸುತ್ತೇವೆ ಎಂಬ ಯೋಜನೆಯನ್ನು ಅರ್ಜಿಯೊಡನೆ ಸಲ್ಲಿಸಬೇಕೆಂಬ ನಿಯಮವನ್ನು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2011ರ ಜನವರಿಯಲ್ಲಿ ಎಲ್ಲ ಅರ್ಜಿದಾರರಿಗೂ ಅನ್ವಯಿಸಿತು. ಅದಕ್ಕೆ ಎರಡು ಪುಟಗಳ ಮಿತಿಯಿತ್ತು. ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ಅಂದರೆ ಎನ್.ಐ.ಎಚ್., 2003ರ ನಿಯಮದಲ್ಲಿ ವರ್ಷಕ್ಕೆ ಐದು ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚು ಕೇಳುವವರಿಂದ ಮಾತ್ರ ಇದನ್ನು ನಿರೀಕ್ಷಿಸಿತ್ತು. 2023ರ ಜನವರಿ 25ರಿಂದ ವೈಜ್ಞಾನಿಕ ದತ್ತಾಂಶವನ್ನು ಉತ್ಪಾದಿಸುವ ಎಲ್ಲ ಸಂಶೋಧನೆಗೂ ವಿಸ್ತರಿಸಿತು. ನಮೂನೆಗಳು ಆಗಾಗ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವರ್ಷದ ಸೂಚನೆಯನ್ನೇ ನೋಡಿಕೊಳ್ಳಬೇಕು.

ನಿಯಮದ ವಿಚಾರ ಇಷ್ಟೇ. ಆದರೆ ರೂಢಿಯಲ್ಲಿ ಈ ಎರಡು ಪುಟಗಳು ಅರ್ಜಿ ಕಳುಹಿಸುವ ಹಿಂದಿನ ರಾತ್ರಿ, ಪಕ್ಕದ ಪ್ರಯೋಗಾಲಯದವರ ಪ್ರತಿಯನ್ನು ಮುಂದಿಟ್ಟುಕೊಂಡು ಸಿದ್ಧವಾಗುತ್ತವೆ. ನನ್ನ ಅಭಿಪ್ರಾಯದಲ್ಲಿ ಇಡೀ ಅರ್ಜಿಯಲ್ಲಿ ಮೊದಲು ಬರೆಯಬೇಕಾದವು ಇವೇ. ಆಮೇಲೆ ಸರಿಪಡಿಸಲು ಬಾರದ ಕೆಲವು ಸಂಗತಿಗಳು ಇವುಗಳಲ್ಲಿ ಅಡಗಿವೆ.

ದತ್ತಾಂಶವನ್ನು ಹಂಚಿಕೊಂಡರೆ ಏನು ಲಾಭ ಎಂದು ಕೇಳುವವರಿಗೆ ಉತ್ತರ ಬಹುದೂರದಲ್ಲಿಲ್ಲ. ಇಲ್ಲಿಂದ ಕೆಲವೇ ಮೈಲಿಗಳಾಚೆ ಪಿಸ್ಕಾಟವೇಯಲ್ಲಿದೆ. ಪ್ರೋಟೀನ್ ಅಣುಗಳ ರಚನೆಯನ್ನು ಸಂಗ್ರಹಿಸುವ 'ಪ್ರೋಟೀನ್ ಡೇಟಾ ಬ್ಯಾಂಕ್' 1971ರಲ್ಲಿ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆರಂಭವಾದಾಗ ಅದರಲ್ಲಿದ್ದದ್ದು 7 ರಚನೆಗಳು. 1990ರ ದಶಕದ ಕೊನೆಯಲ್ಲಿ ಹೆಲೆನ್ ಬರ್ಮನ್ ಅವರ ನೇತೃತ್ವದಲ್ಲಿ ಅದರ ಹೊಣೆ ರಟ್ಗರ್ಸ್‌ಗೆ ಬಂದಿತು. 2023ರ ವೇಳೆಗೆ ರಚನೆಗಳ ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ಆಲ್ಫಾಫೋಲ್ಡ್ ಎಂಬ ಗಣಕ ವ್ಯವಸ್ಥೆ ಪ್ರೋಟೀನುಗಳ ಆಕಾರವನ್ನು ಊಹಿಸಲು ಕಲಿತದ್ದು ಈ ಭಂಡಾರದಿಂದಲೇ. ಆ ಕಾರ್ಯಕ್ಕಾಗಿ 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಪಾಲು ದೊರೆಯಿತು. 1970ರ ದಶಕದಲ್ಲಿ ತಮ್ಮ ಅಂಕಿಗಳನ್ನು ಅಲ್ಲಿಗೆ ಒಪ್ಪಿಸಿದವರಾರೂ ಇಂಥ ಬಳಕೆಯನ್ನು ಕನಸಿನಲ್ಲಿಯೂ ಎಣಿಸಿರಲಾರರು. ಹಾಗೆ ಒಪ್ಪಿಸಿದ ರಚನೆಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಮುಖ್ಯ ಸಾಧನಗಳಲ್ಲೊಂದು, ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ನಕ್ಷೆ. ಅದೇ ರಾಮಚಂದ್ರನ್ ಮುಂದೆ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು ಎಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯಲು ನನಗೆ ಮನಸ್ಸಾಗುವುದಿಲ್ಲ.

ಕೊಟ್ಟರೆ ಸಾಲದು, ಕೊಟ್ಟದ್ದು ಇನ್ನೊಬ್ಬರಿಗೆ ಅರ್ಥವಾಗಬೇಕು. ಇದಕ್ಕೆ ನಾನು ನೆನೆಯುವುದು ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಅವರನ್ನು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲ್ಗೊಂಡು ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ 8,869 ಶಾಸನಗಳಿವೆ. ಸಂಖ್ಯೆಗಿಂತ ದೊಡ್ಡದು ಅದರ ಕ್ರಮ. ತಾಲ್ಲೂಕು, ಅದರೊಳಗೆ ಕ್ರಮಸಂಖ್ಯೆ, ಕಲ್ಲು ಇರುವ ಊರು, ಊರಿನಲ್ಲಿ ಅದರ ನೆಲೆ. ಬಳಿಕ ಮೂಲ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. ಅನುವಾದವನ್ನು ಒಪ್ಪದ ವಿದ್ವಾಂಸನಿಗೆ ಮೂಲ ಪಾಠವಿದೆ. ಪಾಠವನ್ನು ಶಂಕಿಸುವವನಿಗೆ ಕಲ್ಲಿನ ವಿಳಾಸವಿದೆ. ಇಂದಿಗೂ ಇತಿಹಾಸಕಾರರು ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಿಂದಲೇ ಆ ಶಾಸನಗಳನ್ನು ಉಲ್ಲೇಖಿಸುತ್ತಾರೆ. ಕಳೆದ ಕೆಲವು ವರ್ಷಗಳಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನ್‌ನಲ್ಲಿ ಹಿಡಿದಿಡುತ್ತಿದ್ದಾರೆ. ರೈಸ್ ಕಂಡ ಕಲ್ಲುಗಳಲ್ಲಿ ಕೆಲವು ಈಗ ಇಲ್ಲವಾಗಿವೆ; ಅವುಗಳ ಪಾಠ ಮಾತ್ರ ಉಳಿದಿದೆ. ನಿಮ್ಮ ಮಗಳ ಗಣಕದಲ್ಲಿ 'ಕೊನೆಯದು', 'ನಿಜವಾಗಿ ಕೊನೆಯದು' ಎಂಬ ಹೆಸರಿನ ಎರಡು ಕಡತಗಳಿದ್ದರೆ, ಅಂಕಣಗಳ ಮೇಲೆ ಅಳತೆಯ ಮಾನವೇ ಇಲ್ಲದಿದ್ದರೆ, ದಯವಿಟ್ಟು ರೈಸ್ ಅವರ ಒಂದು ಪುಟವನ್ನು ತೋರಿಸಿರಿ.

ಇನ್ನು ಮನುಷ್ಯರ ದತ್ತಾಂಶ. ಇಲ್ಲಿ ನಾವು ಸಂಶೋಧಕರು ಮಾತ್ರವಲ್ಲ, ಸಂಶೋಧನೆಗೆ ರಕ್ತ ಕೊಡುವವರೂ ಹೌದು. ದಕ್ಷಿಣ ಏಷ್ಯಾದವರ ಹೃದ್ರೋಗವನ್ನು ಅಭ್ಯಸಿಸಲು 'ಮಸಾಲಾ' ಎಂಬ ರುಚಿಕರವಾದ ಹೆಸರಿನ ಅಧ್ಯಯನವೊಂದು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಷಿಕಾಗೋ ಪ್ರದೇಶಗಳಲ್ಲಿ 2010ರಿಂದ 2013ರವರೆಗೆ 906 ಜನರನ್ನು ಸೇರಿಸಿಕೊಂಡಿತು. ಇಂಥ ಅಧ್ಯಯನಗಳು ನಮಗೆ ಬೇಕು. ನಮ್ಮವರ ಹೃದಯದ ಲೆಕ್ಕವನ್ನು ಬೇರೆಯವರ ಅಂಕಿಗಳಿಂದ ಹಾಕುವುದು ತರವಲ್ಲ. ಆದರೆ ಸಹಿ ಹಾಕಿಸುವ ಒಪ್ಪಿಗೆ ಪತ್ರದಲ್ಲಿ 'ಈ ಮಾಹಿತಿಯನ್ನು ನಮ್ಮ ತಂಡ ಮಾತ್ರ ಬಳಸುತ್ತದೆ' ಎಂಬ ಒಂದು ವಾಕ್ಯ ಇದ್ದರೆ, ಮುಂದೆ ಭಂಡಾರಕ್ಕೆ ಒಪ್ಪಿಸುವ ದಾರಿ ಮುಚ್ಚಿದಂತೆಯೇ. ಐದು ವರ್ಷಗಳ ನಂತರ ಒಬ್ಬೊಬ್ಬರನ್ನೂ ಹುಡುಕಿ ಮತ್ತೆ ಒಪ್ಪಿಗೆ ಕೇಳುವುದು ಆಗುವ ಮಾತಲ್ಲ. ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ಲೋಕವನ್ನೇ ಬಿಟ್ಟಿರುತ್ತಾರೆ.

ಹೆಸರನ್ನು ಅಳಿಸಿದರೆ ಗುರುತು ಅಳಿಯಿತೆಂದು ತಿಳಿಯುವುದೂ ಸರಿಯಲ್ಲ. ಅಮೆರಿಕದ ಆರೋಗ್ಯ ಮಾಹಿತಿಯ ನಿಯಮಗಳು ತೆಗೆದುಹಾಕಬೇಕಾದ 18 ಬಗೆಯ ಗುರುತುಗಳನ್ನು ಪಟ್ಟಿ ಮಾಡುತ್ತವೆ. ಆಡುವ ಭಾಷೆಯನ್ನು ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ಮಧ್ಯ ನ್ಯೂಜೆರ್ಸಿಯಲ್ಲಿ ವಾಸಿಸುವ, ಮನೆಯಲ್ಲಿ ಕನ್ನಡವಾಡುವ, 62 ವರ್ಷದ, ಅವಳಿ ಮಕ್ಕಳ ತಾಯಿ ಎಂದು ಒಂದು ಸಾಲಿನಲ್ಲಿ ಬರೆದರೆ, ಹೊರಗಿನವರಿಗೆ ಅದು ಅಂಕಿ. ಈ ಸಭೆಯ ಅರ್ಧ ಮಂದಿಗೆ ಪರಿಚಿತ ಮುಖ. ಆದ್ದರಿಂದ ಸಣ್ಣ ಸಮುದಾಯಗಳ ದತ್ತಾಂಶವನ್ನು ಅರ್ಹ ಸಂಶೋಧಕರಿಗೆ ಮಾತ್ರ, ಅರ್ಜಿ ಪರಿಶೀಲಿಸಿ ಕೊಡುವ ಭಂಡಾರದಲ್ಲಿ ಇರಿಸುವುದು ವಿವೇಕ. ಎನ್.ಐ.ಎಚ್. ನಿಯಮವೂ ಕಾರಣ ಕೊಟ್ಟು ಮಿತಿ ಹಾಕಲು ಅವಕಾಶ ಕೊಡುತ್ತದೆ. ಆ ಕಾರಣವನ್ನು ಯೋಜನೆಯಲ್ಲಿಯೇ ಬರೆದಿರಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರೂ ನನ್ನ ಮಾಹಿತಿ ಎಲ್ಲಿಗೆ ಹೋಗುತ್ತದೆ, ಯಾರ ಅಪ್ಪಣೆಯಿಂದ ಹೊರಬರುತ್ತದೆ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಹಣದ ವಿಚಾರ ಚಿಕ್ಕದು, ಆದರೆ ಕಚ್ಚುತ್ತದೆ. ದತ್ತಾಂಶವನ್ನು ಶುದ್ಧಗೊಳಿಸುವ, ವಿವರಣೆ ಬರೆಯುವ, ಭಂಡಾರದ ಶುಲ್ಕ ತೆರುವ ಖರ್ಚನ್ನು ಎನ್.ಐ.ಎಚ್. ಅನುದಾನದಲ್ಲಿ ಕೇಳಬಹುದು. ಆದರೆ ಅದು ಅನುದಾನದ ಅವಧಿಯೊಳಗೇ ಖರ್ಚಾಗಬೇಕು. ಹತ್ತು ವರ್ಷ ಇರಿಸುವ ಶುಲ್ಕವನ್ನೂ ಆಗಲೇ ಕಟ್ಟಬೇಕು. ಅರ್ಜಿಯಲ್ಲಿ ಕೇಳದವರು ಆಮೇಲೆ ವಿಭಾಗದ ಮುಖ್ಯಸ್ಥರ ಬಾಗಿಲು ಕಾಯಬೇಕಾದೀತು.

ಯೋಜನೆಯಲ್ಲಿ ಮೇಲ್ವಿಚಾರಣೆ ಯಾರದು ಎಂಬುದನ್ನೂ ಬರೆದಿಡುವುದು ಒಳ್ಳೆಯದು. ಬಹಳ ಕಡೆ ಅಲ್ಲಿ ಒಬ್ಬ ಪೋಸ್ಟ್‌ಡಾಕ್ಟರಲ್ ಸಂಶೋಧಕನ ಹೆಸರಿರುತ್ತದೆ. ಅವನು ಹೆಚ್ಚಾಗಿ ನಮ್ಮ ನಾಡಿನ ಕಡೆಯಿಂದಲೇ ಬಂದ ಹುಡುಗ. ಎರಡು ಮೂರು ವರ್ಷಗಳ ವೀಸಾ ಮುಗಿದೊಡನೆ ಹೊರಡುತ್ತಾನೆ, ಸಂಕೇತಗಳ ಅರ್ಥವೂ ಅವನೊಡನೆ ಹೊರಡುತ್ತದೆ. ವ್ಯಕ್ತಿಯ ಹೆಸರಿನ ಬದಲು ಹುದ್ದೆಯನ್ನು ಬರೆಯಿರಿ. ಆರು ತಿಂಗಳಿಗೊಮ್ಮೆ ಹೊರಗಿನವರೊಬ್ಬರು ಆ ಕಡತಗಳನ್ನು ತೆರೆದು ಓದಿ ನೋಡುವ ವ್ಯವಸ್ಥೆಯನ್ನೂ ಸೇರಿಸಿರಿ. ವಿಶ್ವವಿದ್ಯಾಲಯದ ಗ್ರಂಥಾಲಯದವರನ್ನು ಕೇಳಿದರೆ ಕರಡನ್ನು ಓದಿ ಸಲಹೆ ಕೊಡಬಲ್ಲರು; ಕೇಳಲು ಹೋಗುವವರು ಕಡಿಮೆ. ನಿಮ್ಮಲ್ಲಿ ಯಾರಾದರೂ ಕರಡನ್ನು ತಂದಿದ್ದರೆ ಊಟದ ನಂತರ ಒಟ್ಟಿಗೆ ಕುಳಿತು ನೋಡೋಣ.