ಬಾಡಿಗೆ ಮನೆಯ ಆದಾಯ: ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆಯೂ ಅವರ ಕುಟುಂಬ ಹಾಗೂ ಅನುಚರರ ಮೇಲೆಯೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಮಾನ್ಯ ಸಹೋದರ ಸಹೋದರಿಯರೇ, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೆ ನಾವೇ, ಬಳಿಕ ನಿಮಗೂ ಉಪದೇಶಿಸುತ್ತೇವೆ. ಅಂತ್ಯದಿನದ ವಿಚಾರಣೆಯಲ್ಲಿ ಆಯುಷ್ಯದ ಬಗ್ಗೆ, ಜ್ಞಾನದ ಬಗ್ಗೆ ಒಂದೊಂದು ಪ್ರಶ್ನೆಯಿದ್ದರೆ ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿರುತ್ತವೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಅದನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ? ಇಂದು ನಾವು ಮಾತನಾಡಲಿರುವುದು ಇದರಲ್ಲಿ ಮೊದಲ ಪ್ರಶ್ನೆಗೆ ಸಂಬಂಧಿಸಿದ ವಿಷಯ.

ಒಂದು ಮನೆಯನ್ನೋ ಎರಡು ಅಂಗಡಿ ಕೋಣೆಗಳನ್ನೋ ಕೊಂಡು ಬಾಡಿಗೆಗೆ ಕೊಟ್ಟರೆ ಹೇಗೆ ಎಂದು ಇತ್ತೀಚೆಗೆ ಅನೇಕರು ವಿಚಾರಿಸುತ್ತಿದ್ದಾರೆ. ಗಲ್ಫ್‌ನಿಂದ ಮರಳಿ ಬಂದವರು, ಸಣ್ಣ ವ್ಯಾಪಾರದಲ್ಲಿ ಸ್ವಲ್ಪ ಉಳಿಸಿದವರು, ಚಿನ್ನ ಮಾರಿ ಮಕ್ಕಳ ಭವಿಷ್ಯಕ್ಕೆ ಏನಾದರೂ ಮಾಡಬೇಕೆನ್ನುವ ತಾಯಂದಿರು ಈ ಪೈಕಿ ಇದ್ದಾರೆ. ಅವರ ಆಸೆಯಲ್ಲಿ ತಪ್ಪಿಲ್ಲ. 2019ರಲ್ಲಿ ಹಲಾಲ್ ಹೂಡಿಕೆಯ ಹೆಸರು ಹೇಳಿ ಬೆಂಗಳೂರಿನಲ್ಲಿ ನಡೆದ ವಂಚನೆಯಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳು ಜೀವಮಾನದ ಉಳಿತಾಯವನ್ನು ಕಳೆದುಕೊಂಡದ್ದು ಯಾರಿಗೂ ಮರೆತಿಲ್ಲ. ಕಣ್ಣಿಗೆ ಕಾಣುವ ಕಲ್ಲು ಗೋಡೆಯೇ ವಾಸಿ ಎಂದು ಜನರು ಯೋಚಿಸುವುದು ಸಹಜ. ಬಾಡಿಗೆಯ ವ್ಯವಹಾರವನ್ನು ಶರೀಅತ್ ಇಜಾರಾ ಎಂದು ಕರೆದು ಅನುಮತಿಸಿದೆ. ಮದ್‌ಯನ್‌ನಲ್ಲಿ ಪ್ರವಾದಿ ಮೂಸಾ(ಅ)ರು ಎಂಟು ವರ್ಷಗಳ ದುಡಿಮೆಯ ಕರಾರಿಗೆ ಒಪ್ಪಿದ ಪ್ರಸಂಗ ಸೂರಃ ಅಲ್‌ಕಸಸ್‌ನಲ್ಲಿದೆ. ಅಲ್ಲಿ ಅವಧಿಯೂ ಸ್ಪಷ್ಟ, ಪ್ರತಿಫಲವೂ ಸ್ಪಷ್ಟ. ಇಜಾರಾದ ಜೀವಾಳವೇ ಆ ಸ್ಪಷ್ಟತೆ.

ಆದರೆ ಮನೆ ಕಲ್ಲಿನದ್ದಾದ ಮಾತ್ರಕ್ಕೆ ಆದಾಯ ಹಲಾಲ್ ಆಗುವುದಿಲ್ಲ, ಲಾಭವೂ ಖಚಿತವಾಗುವುದಿಲ್ಲ. ಆರಂಭಿಸುವವರು ತಮ್ಮನ್ನು ತಾವೇ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಬಂಡವಾಳ ಯಾರದ್ದು?

ತಂದೆ ತೀರಿಹೋಗಿ ಹತ್ತು ವರ್ಷವಾದರೂ ಆಸ್ತಿ ಪಾಲಾಗಿರುವುದಿಲ್ಲ. ತಂದೆ ಕಟ್ಟಿಸಿದ ಕಟ್ಟಡದ ಬಾಡಿಗೆಯನ್ನು ಹಿರಿಯ ಮಗ ವಸೂಲು ಮಾಡುತ್ತಾನೆ. ಸಹೋದರಿಯರಿಗೆ ಹಬ್ಬಕ್ಕೊಂದು ಸೀರೆ, ಮಕ್ಕಳ ಮದುವೆಗೊಂದು ಉಡುಗೊರೆ. ಆ ಬಾಡಿಗೆಯನ್ನು ಕೂಡಿಟ್ಟು ಮಗ ತನ್ನ ಹೆಸರಿನಲ್ಲಿ ಇನ್ನೊಂದು ಮನೆ ಕೊಳ್ಳುತ್ತಾನೆ. ಇದು ಹೂಡಿಕೆಯಲ್ಲ, ಕಬಳಿಕೆ.

ಲೆಕ್ಕ ಹಾಕಿ ನೋಡೋಣ. ಮೃತರಿಗೆ ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ, ಕಟ್ಟಡದಿಂದ ತಿಂಗಳಿಗೆ 32,000 ರೂಪಾಯಿ ಬಾಡಿಗೆ ಬರುತ್ತಿದೆ ಎಂದಿಟ್ಟುಕೊಳ್ಳಿ. ಪತ್ನಿಗೆ ಎಂಟನೇ ಒಂದು ಪಾಲು, ಅಂದರೆ 4,000. ಉಳಿದ 28,000ದಲ್ಲಿ ಮಗನಿಗೆ 14,000, ಹೆಣ್ಣುಮಕ್ಕಳಿಗೆ ತಲಾ 7,000. ಆಸ್ತಿ ಪಾಲಾಗುವವರೆಗೆ ಬಾಡಿಗೆಯೂ ಇದೇ ಪ್ರಮಾಣದಲ್ಲಿ ಅವರದ್ದೇ. ಅಣ್ಣ ಎಂಬ ಸಂಕೋಚದಿಂದ ಸಹೋದರಿ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ಸಮ್ಮತಿ ಎಂದು ತಿಳಿಯಬೇಡಿ. ಸೂರಃ ಅನ್ನಿಸಾದಲ್ಲಿ ಈ ಪಾಲುಗಳನ್ನು ನಿಗದಿಗೊಳಿಸಿದವನು ಅಲ್ಲಾಹನೇ ಹೊರತು ಯಾವ ಮನೆತನದ ಹಿರಿಯರೂ ಅಲ್ಲ. ಹೊಸ ಮನೆ ಕೊಳ್ಳುವ ಮೊದಲು ಹಳೆಯ ಪಾಲು ತೀರಿಸಿ.

ಲೆಕ್ಕ ಕೂಡಿಬರುತ್ತದೆಯೇ?

ಬ್ಯಾಂಕಿನಿಂದ ಸಾಲ ತೆಗೆಯಿರಿ, ಬಾಡಿಗೆಯೇ ಕಂತು ಕಟ್ಟುತ್ತದೆ ಎಂದು ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಬಡ್ಡಿಯ ವಿಷಯದಲ್ಲಿ ಕುರ್‌ಆನ್ ಎಷ್ಟು ಕಠಿಣವಾಗಿ ಮಾತನಾಡಿದೆಯೆಂದು ನಿಮಗೆ ಗೊತ್ತು. ವಾಸಕ್ಕೆ ಸೂರಿಲ್ಲದವನ ನಿರ್ಬಂಧದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿರಬಹುದು. ವಾಸಕ್ಕೆ ಮನೆಯಿದ್ದು ಆದಾಯಕ್ಕಾಗಿ ಎರಡನೆಯದನ್ನು ಬಡ್ಡಿಗೆ ಕೊಳ್ಳುವವನು ಆ ನಿರ್ಬಂಧದ ಮಾತನ್ನು ಎತ್ತುವಂತಿಲ್ಲ.

ಇನ್ನು ಬರೀ ಲೌಕಿಕ ಲೆಕ್ಕವನ್ನೇ ನೋಡಿ. 40 ಲಕ್ಷದ ಒಂದು ಮನೆಗೆ ತಿಂಗಳಿಗೆ 11,000 ಬಾಡಿಗೆ ಎಂದಾದರೆ ವರ್ಷಕ್ಕೆ 1,32,000. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಉಳಿದರೆ 11,000 ಹೋಯಿತು. ಮನೆ ತೆರಿಗೆ, ಬಣ್ಣ, ನೀರಿನ ಪಂಪು, ಸೋರುವ ತಾರಸಿ ಎಂದು 21,000 ತೆಗೆದಿಡಿ. ಕೈಯಲ್ಲಿ ಉಳಿಯುವುದು 1 ಲಕ್ಷ. ಅಂದರೆ ನೂರಕ್ಕೆ ಎರಡೂವರೆ. ಅದೇ ಮನೆಗೆ 30 ಲಕ್ಷ ಸಾಲವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 27,000. ಬಾಡಿಗೆ 11,000, ಕಂತು 27,000! ಕೊನೆಗೆ ಕಟ್ಟಿದ ಮೊತ್ತ 64 ಲಕ್ಷ ದಾಟಿರುತ್ತದೆ. ಹರಾಮ್‌ನ ಭಾರವೂ ಬಂತು, ನಷ್ಟವೂ ಬಂತು.

ಆದ್ದರಿಂದ ಕೈಯಲ್ಲಿರುವಷ್ಟಕ್ಕೇ ಆರಂಭಿಸಿ. ದೊಡ್ಡ ಮನೆಯ ಬದಲು ಸಣ್ಣದೊಂದು ಅಂಗಡಿ ಕೋಣೆ ಸಾಕು. ಸಹೋದರರೋ ಸ್ನೇಹಿತರೋ ಪಾಲುದಾರಿಕೆಯಲ್ಲಿ ಕೊಳ್ಳಬಹುದು. ಆದರೆ ಯಾರ ಹಣ ಎಷ್ಟು, ಬಾಡಿಗೆಯಲ್ಲಿ ಪಾಲೆಷ್ಟು, ಒಬ್ಬರು ಹೊರಬರುವುದಾದರೆ ಹೇಗೆ ಎಂಬುದನ್ನು ಮೊದಲೇ ಬರೆದಿಡಿ, ಎಲ್ಲರ ಹೆಸರೂ ಕ್ರಯಪತ್ರದಲ್ಲಿರಲಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ನಂಬಿಕೆ ಇದ್ದಲ್ಲಿ ಬರಹ ಯಾಕೆ ಎನ್ನುವವರು ಇದನ್ನು ನೆನಪಿಡಬೇಕು.

ಕಾಗದಪತ್ರ ಸರಿಯಿದೆಯೇ?

ಒಂದು ಗೇಣು ನೆಲವನ್ನು ಅನ್ಯಾಯವಾಗಿ ಹಿಡಿದವನ ಕೊರಳಿಗೆ ಅಂತ್ಯದಿನ ಏಳು ಭೂಮಿಗಳನ್ನು ತೊಡಿಸಲಾಗುವುದೆಂಬ ಪ್ರವಾದಿ ವಚನದ ಆಶಯ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಾಗಿರುವಾಗ, ಮಾರುವವನದ್ದೇ ಅಲ್ಲದ ಜಾಗವನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬಾರದು. ಮೂಲಪತ್ರ, ಖಾತಾ, ತೆರಿಗೆ ರಶೀದಿ, ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ಇವಿಷ್ಟನ್ನು ಒಬ್ಬ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಪಂಚಾಯತ್ ವ್ಯಾಪ್ತಿಯಾದರೆ ಭೂಪರಿವರ್ತನೆಯ ಆದೇಶ ಹಾಗೂ 9/11 ಇದೆಯೇ ನೋಡಿ. ಕಟ್ಟುತ್ತಿರುವ ಫ್ಲಾಟ್ ಆದರೆ, 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದಲ್ಲಿ 8ಕ್ಕಿಂತ ಹೆಚ್ಚು ಫ್ಲಾಟ್‌ಗಳಿರುವ ಯೋಜನೆ ರೇರಾದಲ್ಲಿ ನೋಂದಣಿಯಾಗಿರಲೇಬೇಕು. ಅನಿವಾಸಿ ಸಹೋದರರು ಮನೆ, ಅಂಗಡಿ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಲು ಕಾನೂನು ಬಿಡುವುದಿಲ್ಲ.

ಎರಡು ಬಗೆಯ ಜಾಗಗಳಿಂದ ದೂರವಿರಿ. ಪರಿಶಿಷ್ಟ ಜಾತಿ ಮತ್ತು ಪಂಗಡದ ಬಡವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ 1978ರ ಕಾಯ್ದೆಯ ಪ್ರಕಾರ ಅಸಿಂಧು. ದುರ್ಬಲನ ನೆಲದ ಮೇಲೆ ಕಟ್ಟಿದ ಮನೆಯ ಬಾಡಿಗೆಯಲ್ಲಿ ಬರಕತ್ ಎಲ್ಲಿಂದ ಬರಬೇಕು? ಇನ್ನೊಂದು ವಕ್ಫ್ ಸೊತ್ತು. ಮಸೀದಿಯ ಅಂಗಡಿ ಕೋಣೆಯನ್ನು ಹಳೆಯ ಕಾಲದ ಬಾಡಿಗೆಗೆ ಹಿಡಿದುಕೊಂಡು, ಹೊರಗಿನವರಿಗೆ ಹತ್ತು ಪಟ್ಟಿಗೆ ಒಳಬಾಡಿಗೆ ಕೊಟ್ಟು, ಆ ಹಣದಲ್ಲಿ ಜೀವಿಸುವವರು ನಮ್ಮ ನಡುವೆಯೇ ಇದ್ದಾರೆ. ಅವರು ತಿನ್ನುತ್ತಿರುವುದು ಅನಾಥರ ಮತ್ತು ಮದ್ರಸ ಮಕ್ಕಳ ಹಕ್ಕು.

ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆದು ಉಳಿದದ್ದನ್ನು ನಗದಾಗಿ ಕೊಡುವುದು ಜಾಣತನವೆಂದು ಕೆಲವರು ಭಾವಿಸುತ್ತಾರೆ. ಅದು ಸಾಕ್ಷಿಗಳ ಮುಂದೆ ಬರೆದ ಸುಳ್ಳು.

ಭೋಗ್ಯಕ್ಕೆ ಕೊಡಬಹುದೇ?

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಬೆಂಗಳೂರು, ಮೈಸೂರು ಕಡೆ ಭೋಗ್ಯ ಅಥವಾ ಲೀಸ್ ಎಂಬ ಪದ್ಧತಿ ಬೇರೂರಿದೆ. ವಾಸಿಸುವವನು ಮಾಲೀಕನಿಗೆ 8 ಲಕ್ಷ ಕೊಡುತ್ತಾನೆ. ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾನೆ. ಹೊರಡುವಾಗ 8 ಲಕ್ಷವನ್ನೂ ಮರಳಿ ಪಡೆಯುತ್ತಾನೆ. ಇಬ್ಬರಿಗೂ ಲಾಭವಲ್ಲವೇ ಎಂದು ಕೇಳುತ್ತಾರೆ.

ಹೆಸರನ್ನು ಬಿಟ್ಟು ವ್ಯವಹಾರವನ್ನು ನೋಡಿ. ಪೂರ್ತಿಯಾಗಿ ಮರಳಿಸಬೇಕಾದ ಹಣ ಬಾಡಿಗೆಯಲ್ಲ, ಸಾಲ. ಆ ಸಾಲ ಕೊಟ್ಟದ್ದಕ್ಕಾಗಿ ಸಿಕ್ಕಿದ ಪ್ರತಿಫಲವೇ ಮೂರು ವರ್ಷಗಳ ವಾಸ. ಸಾಲದ ಮೇಲೆ ಷರತ್ತು ಹಾಕಿ ಪಡೆಯುವ ಪ್ರಯೋಜನ ಬಡ್ಡಿಯೆಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ತಿಂಗಳಿಗೆ 500 ರೂಪಾಯಿ ನೆಪಕ್ಕೆ ಬಾಡಿಗೆ ಬರೆದ ಮಾತ್ರಕ್ಕೆ ಇದು ಬದಲಾಗುವುದಿಲ್ಲ ಎಂದು ಅನೇಕ ಮುಫ್ತಿಗಳು ಹೇಳಿದ್ದಾರೆ.

ಇದರ ಲೌಕಿಕ ಅಪಾಯವೂ ಸಣ್ಣದಲ್ಲ. ಮಾಲೀಕ ಆ 8 ಲಕ್ಷವನ್ನು ಇನ್ನೊಂದು ನಿವೇಶನಕ್ಕೆ ಸುರಿಯುತ್ತಾನೆ. ಅವಧಿ ಮುಗಿದಾಗ ಕೈಯಲ್ಲಿ ಹಣವಿಲ್ಲ. ಹೊಸ ಭೋಗ್ಯದಾರ ಸಿಕ್ಕಿದರೆ ಮಾತ್ರ ಹಳಬನಿಗೆ ಬಿಡುಗಡೆ. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು, ಕಂತು ತಪ್ಪಿ ಬ್ಯಾಂಕ್ ಬೀಗ ಹಾಕಿದರೆ ವಾಸಿಸುವ ಕುಟುಂಬ ಬೀದಿಗೆ ಬೀಳುತ್ತದೆ. ಒಬ್ಬ ಆಟೋ ಚಾಲಕನ, ಒಬ್ಬ ಹೊಲಿಗೆಯವನ ಇಡೀ ಜೀವಮಾನದ ಉಳಿತಾಯ ಅದು.

ದೊಡ್ಡ ಮೊತ್ತ ಒಟ್ಟಿಗೆ ಬೇಕೆಂದಾದರೆ ಹಲಾಲ್ ದಾರಿಯಿದೆ. ತಿಂಗಳಿಗೆ 10,000ದಂತೆ ಎರಡು ವರ್ಷದ ಬಾಡಿಗೆ 2,40,000ವನ್ನು ಮುಂಗಡವಾಗಿಯೇ ಪಡೆಯಿರಿ. ಪ್ರತಿ ತಿಂಗಳು 10,000 ಅದರಿಂದ ಕಳೆಯುತ್ತಾ ಹೋಗಲಿ. ಅವರು ಮೊದಲೇ ಮನೆ ಬಿಟ್ಟರೆ ಉಳಿದ ತಿಂಗಳುಗಳ ಹಣ ಮರಳಿಸಿ. ಇದು ನಿಜವಾದ ಬಾಡಿಗೆ. ಭದ್ರತೆಗಾಗಿ ಅಡ್ವಾನ್ಸ್ ಪಡೆಯುವುದಾದರೆ ಅದು ಮಿತವಾಗಿರಲಿ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮಿತಿಯಾಗಿ ಸೂಚಿಸಿದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇದನ್ನು ಯೋಚಿಸಲಿ. ಮನೆ ಬಿಡುವ ದಿನ ಆ ಹಣವನ್ನು ಎಣಿಸಿಕೊಡಿ. ಕರಾರಿನಲ್ಲಿಲ್ಲದ ಬಣ್ಣದ ಖರ್ಚನ್ನು ಅದರಿಂದ ಹಿಡಿದುಕೊಳ್ಳಬೇಡಿ.

ಬಾಡಿಗೆದಾರನ ಜೊತೆ ಹೇಗಿರಬೇಕು?

ಕರಾರು ಬರವಣಿಗೆಯಲ್ಲಿರಲಿ. ಬಾಡಿಗೆ, ಏರಿಕೆ, ನೀರು ಮತ್ತು ವಿದ್ಯುತ್ ಬಿಲ್ಲು, ರಿಪೇರಿ, ಮನೆ ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕು ಎಲ್ಲವನ್ನೂ ನಮೂದಿಸಿ. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಅದಕ್ಕಾಗಿಯೇ. ಮನೆಯ ಗೋಡೆ, ತಾರಸಿ, ಪೈಪು ಮಾಲೀಕನ ಜವಾಬ್ದಾರಿ. ಬಾಡಿಗೆ ಬಾಕಿಯಾಯಿತೆಂದು ನೀರು, ಕರೆಂಟು ಕಡಿಯುವುದು ಅಕ್ರಮ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಆದೇಶಿಸಿದೆ. ಕೊಳ್ಳುವಾಗ, ಮಾರುವಾಗ, ಹಕ್ಕನ್ನು ಕೇಳುವಾಗ ಮೃದುವಾಗಿ ವರ್ತಿಸುವವನಿಗಾಗಿ ಪ್ರವಾದಿವರ್ಯರು(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ. ಹಾಗೆಯೇ, ಸಾಮರ್ಥ್ಯವಿದ್ದೂ ಬಾಡಿಗೆ ತಡೆಹಿಡಿಯುವ ಬಾಡಿಗೆದಾರನೂ ಅಕ್ರಮಿಯೇ.

ಮದ್ಯದಂಗಡಿಗೆ, ಜೂಜಿಗೆ, ಬಡ್ಡಿ ವ್ಯವಹಾರಕ್ಕೆ ಕೋಣೆ ಕೊಡಬೇಡಿ, ಬಾಡಿಗೆ ಎರಡು ಪಟ್ಟು ಸಿಕ್ಕಿದರೂ ಸರಿ. ಆದರೆ ಮನೆ ಕೇಳಿ ಬಂದ ಮನುಷ್ಯನ ಜಾತಿ, ಭಾಷೆ, ಊರು ನೋಡಿ ಬಾಗಿಲು ಹಾಕಬೇಡಿ. ಹೆಸರು ಕೇಳಿದೊಡನೆ ಮನೆ ಖಾಲಿ ಇಲ್ಲ ಎನ್ನಿಸಿಕೊಂಡ ನೋವು ನಗರಗಳಲ್ಲಿ ಮನೆ ಹುಡುಕಿದ ನಮ್ಮ ಮಕ್ಕಳಿಗೆ ಗೊತ್ತಿದೆ. ನಮಗಾದಾಗ ಅನ್ಯಾಯವೆನಿಸಿದ್ದು, ನಾವೇ ವಿಚ್ಛೇದಿತ ಸಹೋದರಿಗೋ ಉತ್ತರ ಭಾರತದ ಕೂಲಿಯವನಿಗೋ ದಲಿತ ಕುಟುಂಬಕ್ಕೋ ಮಾಡಿದಾಗ ನ್ಯಾಯವಾಗುವುದಿಲ್ಲ. ಬಾಡಿಗೆದಾರನು ನೆರೆಯವನೂ ಆಗಿರುತ್ತಾನೆ. ನೆರೆಯವನಿಗೆ ಆಸ್ತಿಯಲ್ಲೂ ಪಾಲು ಬರುವುದೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸುವಷ್ಟು ಜಿಬ್ರೀಲ್(ಅ)ರು ಅವನ ಹಕ್ಕಿನ ಬಗ್ಗೆ ಉಪದೇಶಿಸಿದ್ದರು.

ಝಕಾತ್ ಮತ್ತು ಉಳಿಯುವ ಸಂಪತ್ತು

ಬಾಡಿಗೆಗೆಂದು ಇಟ್ಟುಕೊಂಡ ಮನೆಯ ಬೆಲೆಯ ಮೇಲೆ ಝಕಾತ್ ಇಲ್ಲವೆಂಬುದು ಬಹುಸಂಖ್ಯಾತ ವಿದ್ವಾಂಸರ ಅಭಿಪ್ರಾಯ. ಬಾಡಿಗೆಯಿಂದ ಉಳಿದ ಹಣ ನಿಸಾಬ್ ತಲುಪಿ ವರ್ಷ ತುಂಬಿದರೆ ಶೇಕಡಾ ಎರಡೂವರೆ ಕೊಡಬೇಕು. ಬೆಲೆ ಏರಿದಾಗ ಮಾರೋಣವೆಂದೇ ಕೊಂಡ ನಿವೇಶನ ವ್ಯಾಪಾರದ ಸರಕು. ಅದರ ಝಕಾತನ್ನು ಪ್ರತಿವರ್ಷ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ ಹಾಕಬೇಕು. ಕೊಳ್ಳುವಾಗಿನ ಉದ್ದೇಶ ಇಲ್ಲಿ ನಿರ್ಣಾಯಕ. ಅದನ್ನು ಅಲ್ಲಾಹನಿಂದ ಮರೆಮಾಚಲಾಗದು.

ಉಮರ್(ರ)ರಿಗೆ ಖೈಬರ್‌ನಲ್ಲಿ ಒಂದು ಉತ್ತಮ ಜಮೀನು ಸಿಕ್ಕಿತ್ತು. ಅದನ್ನು ಏನು ಮಾಡಲೆಂದು ಪ್ರವಾದಿವರ್ಯರನ್ನು(ಸ) ಕೇಳಿದಾಗ, ಮೂಲವನ್ನು ಉಳಿಸಿ ಉತ್ಪನ್ನವನ್ನು ದಾನ ಮಾಡುವ ದಾರಿಯನ್ನು ಅವರು ತೋರಿಸಿದರು. ಆ ಜಮೀನನ್ನು ಮಾರುವಂತಿರಲಿಲ್ಲ, ವಾರಸಾಗಿ ಹಂಚುವಂತಿರಲಿಲ್ಲ. ಅದರ ಫಲ ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ ಸಲ್ಲುತ್ತಿತ್ತು. ನಿಮ್ಮಲ್ಲಿ ಯಾರಿಗಾದರೂ ಮುಂದೆ ಅಲ್ಲಾಹನು ನಾಲ್ಕು ಅಂಗಡಿ ಕೋಣೆಗಳನ್ನು ಅನುಗ್ರಹಿಸಿದರೆ, ಒಂದರ ಬಾಡಿಗೆಯನ್ನು ಊರಿನ ಬಡ ವಿದ್ಯಾರ್ಥಿಗಳ ಶುಲ್ಕಕ್ಕೆ ಮೀಸಲಿಡುವ ಸಂಕಲ್ಪವನ್ನು ಇಂದೇ ಮಾಡಿ. ಮಿಕ್ಕ ಮೂರನ್ನು ವಾರಸುದಾರರು ಪಾಲು ಮಾಡಿಕೊಳ್ಳುವರು. ಆ ಒಂದು ಮಾತ್ರ ನಿಮ್ಮ ಜೊತೆ ಬರುತ್ತದೆ.

ಅಲ್ಲಾಹನೇ, ನಮ್ಮ ಸಂಪಾದನೆಯನ್ನು ಶುದ್ಧಗೊಳಿಸು. ಹಲಾಲ್ ಆದ ಸ್ವಲ್ಪದರಲ್ಲಿ ತೃಪ್ತಿ ನೀಡು, ಹರಾಮ್ ಆದ ಬಹಳದಿಂದ ನಮ್ಮನ್ನು ಕಾಪಾಡು. ಇತರರ ಹಕ್ಕು ನಮ್ಮ ಕೈಯಲ್ಲಿ ಉಳಿದಿದ್ದರೆ ಮರಣಕ್ಕೆ ಮುಂಚೆ ಮರಳಿಸುವ ಧೈರ್ಯ ಕೊಡು. ಸೂರಿಲ್ಲದವರಿಗೆ ಸೂರು ಕರುಣಿಸು. ಆಮೀನ್.