ಶಿರೂರಿನ ಹೊಳೆಯೂ ಸರಕಾರದ ಯೋಜನೆಯೂ



ಉಡುಪಿ ಜಿಲ್ಲೆಯ ಬಡಗಣ ಕೊನೆಯಲ್ಲಿ, ಬೈಂದೂರು ತಾಲ್ಲೂಕಿಗೆ ಸೇರಿದ ಶಿರೂರೆಂಬ ಊರುಂಟು. 2024ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ನಾಡೆಲ್ಲ ಮರುಗಿದ ಶಿರೂರು ಇದಲ್ಲ, ಅದು ಅಂಕೋಲೆಯದು. ನಾವು ಹೇಳಹೊರಟಿರುವ ಶಿರೂರಿನ ಸಂಕಟವು ಅದಕ್ಕಿಂತ ಎರಡು ವರ್ಷ ಮುಂಚಿನದು. ಪಟ್ಟಣಿಗರ ನೆನಪಿನಿಂದ ಬೇಗನೆ ಮರೆಯಾದುದು.

2022ರ ಆಗಸ್ಟ್ ತಿಂಗಳ ಮೊದಲೆರಡು ದಿನಗಳಲ್ಲಿ ಆ ಕರೆಯಲ್ಲಿ ಮಳೆಯು ಮುಗಿಲು ಹರಿದಂತೆ ಸುರಿಯಿತು. ನೆರೆಯ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು ನಾಲ್ವರು ಮಡಿದರು. ಶಿರೂರಿನಲ್ಲಿ ಹೊಳೆ ಉಕ್ಕಿ ಮನೆಗಳಿಗೆ ನೀರು ನುಗ್ಗಿತು. ಕಳಿಹಿತ್ಲಿನ ದಡದಲ್ಲಿ ಕಟ್ಟಿದ್ದ ನಾಡದೋಣಿಗಳು ನೆರೆಯ ಸೆಳೆತಕ್ಕೆ ಸಿಕ್ಕಿ ಕಡಲಿನ ಪಾಲಾದುವು.

ಈ ನಷ್ಟವನ್ನು ಅಳೆಯಬೇಕಾದರೆ ಕಡಲಿನ ಪಂಚಾಂಗವನ್ನು ಸ್ವಲ್ಪ ತಿಳಿದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ನಾಡದೋಣಿಗಳಿಗೆ ಈ ನಿಷೇಧವಿಲ್ಲ. ದೊಡ್ಡ ದೋಣಿಗಳು ಬಂದರಿನಲ್ಲಿ ತಂಗಿರುವ ಮಳೆಗಾಲವೇ ಬಡ ಬೆಸ್ತನ ಸುಗ್ಗಿ. ಹೀಗೆ, ಬೆಳೆ ಕಣಕ್ಕೆ ಬರುವ ಹೊತ್ತಿನಲ್ಲಿ ರೈತನ ಎತ್ತು ನೇಗಿಲುಗಳೆರಡೂ ಕೊಚ್ಚಿಹೋದರೆ ಹೇಗೋ ಹಾಗಾಯಿತು ಖಾರ್ವಿ, ಮೊಗವೀರ, ಮುಸಲ್ಮಾನ ಬೆಸ್ತರ ಗತಿ.

ಇಂತಹ ಸಮಯದಲ್ಲಿ ಸರಕಾರವು ಕೊಡುವ ಪರಿಹಾರಕ್ಕೆ ನಿಯಮಗಳುಂಟು. ವಿಪತ್ತು ಪರಿಹಾರ ನಿಧಿಯ ಹಿಂದಿನ ನಿಯಮದಂತೆ, ಪೂರ್ಣ ಹಾಳಾದ ದೋಣಿಗೆ 9,600 ರೂಪಾಯಿ, ಬಲೆಗೆ 2,600 ರೂಪಾಯಿ. 2022ರಿಂದ 2026ರವರೆಗಿನ ಅವಧಿಗೆ ಇವನ್ನು ಪರಿಷ್ಕರಿಸಿ ದೋಣಿಗೆ 15,000, ಬಲೆಗೆ 4,000 ಎಂದು ಗೊತ್ತುಮಾಡಲಾಯಿತು. ರಾಜ್ಯವು ತನ್ನ ಬೊಕ್ಕಸದಿಂದ ಇದಕ್ಕೆ ಇನ್ನಷ್ಟು ಸೇರಿಸಬಹುದು, ನಿಜ. ಆದರೂ ಫೈಬರಿನ ದೋಣಿ, ಯಂತ್ರ, ಬಲೆ ಇವು ಕೂಡಿದರೆ ಬೆಲೆಯು ಲಕ್ಷಗಳಲ್ಲಿ ಲೆಕ್ಕವಾಗುವ ಕಾಲದಲ್ಲಿ ಈ ಮೊತ್ತವನ್ನು ಪುನರುದ್ಧಾರವೆಂದು ಕರೆಯಲು ನಮಗೆ ನಾಲಗೆ ಬಾರದು.

ಇನ್ನೊಂದು ಸೂಕ್ಷ್ಮವುಂಟು. ಪರಿಹಾರವು ಸಲ್ಲುವುದು ದೋಣಿಯ ಒಡೆಯನಿಗೆ. ದೋಣಿಯ ಸಂಪಾದನೆಯಾದರೋ ಪಾಲಿನದು: ದೋಣಿಗೊಂದು ಪಾಲು, ಬಲೆಗೊಂದು, ಹುಟ್ಟು ಹಿಡಿದ ಕೈಗಳಿಗೆ ಒಂದೊಂದು. ದಡದಲ್ಲಿ ಬುಟ್ಟಿ ಹಿಡಿದು ಕಾಯುವ ಹೆಂಗಸು, ಆ ಮೀನನ್ನು ಮನೆಮನೆಗೆ ಹೊತ್ತು ಮಾರಿ ತನ್ನ ಸಂಸಾರ ಸಾಗಿಸುವವಳು. ಒಂದು ದೋಣಿ ಹೋದರೆ ಹಲವು ಒಲೆಗಳು ಆರುತ್ತವೆ. ಕಡತದಲ್ಲಿ ಕಾಣುವುದು ಒಂದೇ ಹೆಸರು.

ಇನ್ನು ಹೊಳೆಯ ವಿಚಾರ. ಕರಾವಳಿಯ ಹೊಳೆಗಳು ಗಿಡ್ಡ. ಘಟ್ಟದಿಂದ ಇಳಿದು ಗಳಿಗೆಯೊಳಗೆ ಕಡಲು ಸೇರುವಂತಹವು. ಬೇಸಗೆಯಲ್ಲಿ ಕಡಲಿನ ಉಪ್ಪುನೀರು ಏರಿಬಂದು ಗದ್ದೆಯನ್ನೂ ಬಾವಿಯನ್ನೂ ಕೆಡಿಸುತ್ತದೆ. ಅದನ್ನು ತಡೆಯುವುದಕ್ಕೆಂದೇ ಕಿಂಡಿ ಅಣೆಕಟ್ಟುಗಳು. ಪಶ್ಚಿಮವಾಹಿನಿ ಯೋಜನೆಯಲ್ಲಿ ಇವುಗಳಿಗೆ ಪ್ರಾಧಾನ್ಯ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಬೇಕು, ಮುಂಗಾರಿಗೆ ಮೊದಲೇ ಎತ್ತಬೇಕು. ಹಲಗೆ ಇಳಿಸುವುದು ತಡವಾದರೆ ಸಿಹಿನೀರು ನಿಲ್ಲದು. ಎತ್ತುವುದು ತಡವಾದರೆ ಹರಿದುಬಂದ ಮರದ ದಿಮ್ಮಿ, ಕಸಕಡ್ಡಿ ಸಿಕ್ಕಿಕೊಂಡು ನೀರು ಗದ್ದೆಗೆ ತಿರುಗುತ್ತದೆ. ಅಣೆಕಟ್ಟು ಸಣ್ಣ ನೀರಾವರಿಯವರದು, ದೋಣಿಯ ಜೆಟ್ಟಿ ಬಂದರು ಹಾಗೂ ಮೀನುಗಾರಿಕೆಯವರದು, ಅಳಿವೆಯ ಕಾಂಡ್ಲಾ ಗಿಡ ಅರಣ್ಯದವರದು, ನೆರೆಯ ಪರಿಹಾರ ಕಂದಾಯದವರದು. ಹೊಳೆಯೊಂದೇ, ಯಜಮಾನರು ನಾಲ್ವರು!

ಜಿಲ್ಲೆಯ ಗಡಿಯೂ ಇಲ್ಲಿ ಬಂದು ಸೇರುತ್ತದೆ. ಕನ್ನಡ ಜಿಲ್ಲೆಯನ್ನು ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟಾಗ ಕುಂದಾಪುರ ತಾಲ್ಲೂಕು ಮದರಾಸಿನಲ್ಲೇ ಉಳಿಯಿತು. ಶಿರೂರು ಎರಡು ಪ್ರಾಂತಗಳ ಮೇರೆಯ ಊರಾಯಿತು. 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯಕ್ಕೆ ಸೇರಿದುವು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. ಅನಂತರ ಬೈಂದೂರು ತಾಲ್ಲೂಕೂ ಆಯಿತು. ಆದರೆ ಶಿರೂರಿಗೂ ಭಟ್ಕಳಕ್ಕೂ ನಡುವೆ ಜಿಲ್ಲೆಯ ಮೇರೆ ಇಂದಿಗೂ ನಿಂತಿದೆ. 2022ರ ಮೋಡವು ಆ ಮೇರೆಯನ್ನು ಲೆಕ್ಕಿಸಲಿಲ್ಲ. ನಷ್ಟದ ಪಟ್ಟಿಗಳು ಮಾತ್ರ ಎರಡು ಜಿಲ್ಲಾ ಕಚೇರಿಗಳಿಗೆ ಹೋಗತಕ್ಕವು.

ರಾಜ್ಯ ಸರಕಾರವು ಈಗ ವಿಶ್ವಬ್ಯಾಂಕಿನ ನೆರವಿನೊಡನೆ ಸುಮಾರು 840 ಕೋಟಿ ರೂಪಾಯಿ ಅಂದಾಜಿನಲ್ಲಿ ‘ಕೆ-ಶೋರ್’ ಎಂಬ ಯೋಜನೆಯನ್ನು ಕರಾವಳಿಯ ಮೂರು ಜಿಲ್ಲೆಗಳಿಗಾಗಿ ರೂಪಿಸಿದೆ. ಕಡಲಿಗೆ ಸೇರುವ ಪ್ಲಾಸ್ಟಿಕ್ ಕಸವನ್ನು ತಡೆಯುವುದು, ತೀರದ ಜೀವಸಂಪತ್ತನ್ನು ಕಾಯುವುದು, ಅಲ್ಲಿಯ ಜನರ ಜೀವನೋಪಾಯವನ್ನು ಬಲಪಡಿಸುವುದು ಇದರ ಗುರಿಗಳು. ಅರ್ಥ, ಸಮಾಜ, ಪ್ರಕೃತಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುದಕ್ಕೆ ನಾವು ಸಂತೋಷಪಡುತ್ತೇವೆ. ಆದರೆ ಒಂದೇ ಹಾಳೆಯಲ್ಲಿ ಬರೆದ ಹಣವನ್ನು ಇಲಾಖೆಗೊಂದರಂತೆ ಹರಿದು ಹಂಚಿದರೆ ಶಿರೂರಿಗೆ ಮತ್ತೆ ಬರುವುದು ಹಳೆಯ ನಾಲ್ವರು ಯಜಮಾನರೇ.

ಹೊಳೆಗೊಂದು ಲೆಕ್ಕಪುಸ್ತಕವಿರಲೆಂದು ನಮ್ಮ ಸೂಚನೆ. ಘಟ್ಟದ ಬುಡದಿಂದ ಅಳಿವೆಯವರೆಗೆ ಇರುವ ಕಿಂಡಿಗಳೆಷ್ಟು, ಹೆದ್ದಾರಿಯ ಹಾಗೂ ಕೊಂಕಣ ರೈಲಿನ ದಿಬ್ಬಗಳಡಿಯಲ್ಲಿ ನೀರು ಹೊರಡುವ ದಾರಿಗಳೆಷ್ಟು, ಕಾಂಡ್ಲಾ ಎಲ್ಲಿ ಉಳಿದಿದೆ, ದೋಣಿಗಳೆಷ್ಟು, ಪ್ರತಿ ದೋಣಿಯ ಪಾಲುದಾರರು ಯಾರು ಎಂಬುದೆಲ್ಲ ಅದರಲ್ಲಿ ಬರೆದಿರಲಿ. ಹೆಂಗಸರ ಹೆಸರೂ ಇರಲಿ. ಬೈಂದೂರು ಭಟ್ಕಳಗಳ ತಹಶೀಲ್ದಾರರು ವರ್ಷಕ್ಕೊಮ್ಮೆ, ಮೇ ತಿಂಗಳು ಮುಗಿಯುವ ಮುಂಚೆ, ಒಂದೇ ಮೇಜಿನ ಮುಂದೆ ಕುಳಿತು ಆ ಪುಸ್ತಕವನ್ನು ತೆರೆಯಲಿ. ಆ ಹೊತ್ತಿಗೆ ಕಿಂಡಿಯ ಹಲಗೆಗಳೆಲ್ಲ ಮೇಲೆದ್ದಿವೆಯೋ ಇಲ್ಲವೋ ಎಂಬುದನ್ನು ದಡದಲ್ಲಿ ದೋಣಿ ಕಟ್ಟುವವನಿಂದಲೇ ಕೇಳಿ ತಿಳಿಯಬಹುದು.