ಮುಳ್ಳು ಕೆಟ್ಟರೆ ಮೊದಲು ಅಂಕಿ ನೋಡಿ

(ಹೊಳಗುಂದದ ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬು ಒಣಗಿದರೆ ಮೊದಲು ದಂಟು ಸೀಳಿ ನೋಡಿರೆಂದು ನಾನು ಹೇಳುತ್ತಿರುತ್ತೇನೆ. ಒಳಗೆ ಕೆಂಪಾಗಿ, ನಡುನಡುವೆ ಬಿಳಿ ಪಟ್ಟೆಗಳಿದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ನೋಡದೆ ಔಷಧಿ ತಂದರೆ ಹಣ ದಂಡ. ಕಾರು, ಜೀಪುಗಳ ಸ್ಪೀಡೋಮೀಟರಿಗೂ ಇದೇ ಮಾತು.

ನನ್ನ ಹಳೆಯ ಜೀಪಿನ ಮುಳ್ಳು ಒಮ್ಮೆ 30ಕ್ಕೂ 50ಕ್ಕೂ ನಡುವೆ ಕುಣಿಯತೊಡಗಿತು. ಪರೀಕ್ಷಿಸದೆ ಹೊಸ ಮೀಟರು ಹಾಕಿಸಿದೆ. ಕುಣಿತ ನಿಲ್ಲಲಿಲ್ಲ. ಒಂದು ರಾತ್ರಿ ಆದೋನಿಯಿಂದ ಬರುವಾಗ, ಹಿಂದೀಪವಿಲ್ಲದ ಕಬ್ಬಿನ ಟ್ರೈಲರು ಎದುರಾದಾಗಲೇ ನನ್ನ ನಿಜವಾದ ವೇಗ ಅರಿವಾಯಿತು. ಬ್ರೇಕು ಹಿಡಿದದ್ದರಿಂದ ಉಳಿದೆ. ದೋಷವಿದ್ದದ್ದು ಮೀಟರಿನಲ್ಲಲ್ಲ, ಕೇಬಲಿನಲ್ಲಿ.

ಹಳೆಯ ವಾಹನಗಳಲ್ಲಿ ಗೇರ್‌ಬಾಕ್ಸಿನ ಕಡೆಯಿಂದ ಬರುವ ಕೇಬಲು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಮುಟ್ಟದೆಯೇ ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ. ಸಣ್ಣ ಸ್ಪ್ರಿಂಗು ಹಿಂದಕ್ಕೆ ಹಿಡಿಯುತ್ತದೆ. ಹೀಗೆ ಮುಳ್ಳು ಏಳುತ್ತದೆ. ಕಿಲೋಮೀಟರು ಅಂಕಿಗಳನ್ನು ತಿರುಗಿಸುವುದೂ ಅದೇ ಕೇಬಲು. ಪತ್ತೆಯ ಗುಟ್ಟು ಇಲ್ಲಿದೆ.

1. ಮುಳ್ಳು ಸತ್ತು ಅಂಕಿ ಓಡುತ್ತಿದ್ದರೆ ಕೇಬಲು ಸರಿಯಿದೆ, ದೋಷ ಮೀಟರಿನದು.

2. ಎರಡೂ ನಿಂತಿದ್ದರೆ ಮೀಟರಿನ ಹಿಂದೆ ಕೇಬಲು ಬಿಚ್ಚಿ, ಒಳತಂತಿಯನ್ನು ಎಳೆದು ನೋಡಿ. ತುಂಡಾಗಿದ್ದರೆ ಅಥವಾ ಚೌಕ ತುದಿ ಸವೆದಿದ್ದರೆ ಕೇಬಲು ಬದಲಿಸಿ. ಅದು ಸರಿಯಿದ್ದರೆ ಗೇರ್‌ಬಾಕ್ಸಿನ ಚಿಕ್ಕ ಗೇರನ್ನು ನೋಡಿಸಿ.

3. ಮುಳ್ಳು ಕುಣಿದರೆ ಕೇಬಲು ಒಣಗಿರಬಹುದು ಅಥವಾ ಎಲ್ಲೋ ಮಡಿಸಿರಬಹುದು. ಒಳತಂತಿಯ ಕೆಳಭಾಗಕ್ಕೆ ತೆಳುವಾಗಿ ಗ್ರೀಸು ಸವರಿ. ಮೀಟರಿನ ಕಡೆಯ ತುದಿಗೆ ಬೇಡ. ಅದು ಒಳಗೆ ಸೇರಿದರೆ ಮೀಟರೂ ಕೆಡುತ್ತದೆ.

4. ಮುಳ್ಳು ಸ್ಥಿರವಾಗಿದ್ದೂ ಅನುಮಾನವಿದ್ದರೆ ರಸ್ತೆಯ ಕಿಲೋಮೀಟರು ಕಲ್ಲುಗಳೇ ಸಾಕ್ಷಿ. ಒಂದೇ ವೇಗದಲ್ಲಿ ನಡೆಸಿ. ಪಕ್ಕದಲ್ಲಿ ಕುಳಿತವರು ಗಡಿಯಾರ ಹಿಡಿಯಲಿ. 3600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿ. 90 ಸೆಕೆಂಡಾದರೆ ವೇಗ 40. 72 ಆದರೆ 50. ಹತ್ತು ಕಲ್ಲು ದಾಟಿದಾಗ ಅಂಕಿಯೂ ಹತ್ತು ಏರಿತೇ ನೋಡಿ. ಅಂಕಿ ಸರಿ, ಮುಳ್ಳು ತಪ್ಪಾದರೆ ದೋಷ ಮೀಟರಿನದು. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಾದರೆ ಟಯರಿನ ಅಳತೆ ಅಥವಾ ಗೇರು ಬದಲಾಗಿರಬೇಕು. ಮೂಲಕ್ಕಿಂತ ದೊಡ್ಡ ಟಯರು ಹಾಕಿಸಿದರೆ ಮೀಟರು ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಇದೇ ಹೆಚ್ಚು ಅಪಾಯ.

ಈಗಿನ ಕಾರುಗಳಲ್ಲಿ ಕೇಬಲಿಲ್ಲ. ಸೆನ್ಸರು, ವಯರು ಇವೆ. ಅಲ್ಲಿ ಮೊದಲು ಫ್ಯೂಸು, ಸಡಿಲವಾದ ಜೋಡಣೆ, ಇಲಿ ಕಡಿದ ವಯರು ನೋಡಿಸಿ. ಮೊಬೈಲಿನ ಜಿಪಿಎಸ್ ವೇಗದೊಡನೆ ಹೋಲಿಸಲೂಬಹುದು.

ಬಂಧುಗಳೇ, ಅರೆಯುವ ಹಂಗಾಮಿನಲ್ಲಿ ರಾತ್ರಿಯೆಲ್ಲ ನಮ್ಮ ಟ್ರೈಲರುಗಳು, ಬಂಡಿಗಳು ರಸ್ತೆಯಲ್ಲಿರುತ್ತವೆ. ಸುಳ್ಳು ಹೇಳುವ ಮುಳ್ಳನ್ನು ನಂಬಿ ಅವುಗಳ ಹಿಂದೆ ಬರಬೇಡಿ. ನಿಮ್ಮ ಟ್ರೈಲರಿಗೂ ಹಿಂದೆ ಕೆಂಪು ದೀಪ ಹಾಕಿಸಿ.